ರೈಟ್ ಅಂದವರು ಯಾರು

ಆ ಆಟದಲ್ಲಿ ಡ್ರೈವರ್‌ಗೆ ಕೊಟ್ಟ ಕೆಲಸ ಇಷ್ಟೇ: ಬಾಯಿ ಮುಚ್ಚಿಕೊಂಡು ಕೂರುವುದು, ಹಿಂದೆ ತಿರುಗದೆ ಇರುವುದು, ಹೆಂಡತಿ ಹೇಳಿದಷ್ಟನ್ನು ಮಾತ್ರ ಮಾಡುವುದು. ಇದನ್ನು ಕೇಳಿ ಬಸ್ ಡಿಪೋದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮದುವೆಯಾದವನಿಗೆ ಇದೇನು ಹೊಸ ಕೆಲಸವೇ, ಇದಕ್ಕೂ ಕಪ್ ಕೊಡ್ತಾರಾ ಅಂತ ಒಬ್ಬ ಕೇಳಿದ್ದ. ನಗಲಿ ಬಿಡಿ, ನಗುವವರಿಗೇನು. ಆ ಕೆಲಸ ಎಷ್ಟು ಕಷ್ಟ ಅಂತ ಗೊತ್ತಿದ್ದವನು ಅವನೊಬ್ಬನೇ.

ಆಟ ಹೀಗೆ. ಒಂದು ಬಿಳಿ ಚೆಂಡು, ಆರು ಕೆಂಪು, ಆರು ನೀಲಿ. ಬಿಳಿಯ ಹತ್ತಿರ ಯಾರ ಚೆಂಡು ನಿಂತಿತೋ ಅವರಿಗೆ ಅಂಕ. ಕೈಯಿಂದ ಎಸೆಯಲಾಗದವರು ಜಾರುಹಲಗೆ ಇಟ್ಟುಕೊಂಡು ಆಡುತ್ತಾರೆ. ಹಲಗೆಯನ್ನು ಅತ್ತ ಇತ್ತ ಸರಿಸಿ, ಚೆಂಡನ್ನು ಅದರ ಮೇಲಿಟ್ಟು ಹಿಡಿದುಕೊಂಡು, ಹೇಳಿದಾಗ ಕೈ ತೆಗೆಯಲು ಒಬ್ಬ ಸಹಾಯಕ ಇರುತ್ತಾನೆ. ತಳ್ಳುವುದು ಆಟಗಾರರೇ. ಕಂಡಕ್ಟ್ರಮ್ಮ ತಲೆಗೆ ಪಟ್ಟಿ ಬಿಗಿದು, ಹಣೆಯಿಂದ ಮುಂದಕ್ಕೆ ಚಾಚಿದ ಕಡ್ಡಿಯಿಂದ ತಳ್ಳುತ್ತಿದ್ದಳು. ಸಹಾಯಕ ಮಾತ್ರ ಅಂಗಳಕ್ಕೆ ಬೆನ್ನು ಹಾಕಿ, ಆಟಗಾರರ ಕಡೆ ಮುಖ ಮಾಡಿ ಕೂರಬೇಕು. ಚೆಂಡು ಎಲ್ಲಿ ಹೋಯಿತು ಅಂತ ತಿರುಗಿ ನೋಡಿದನೋ, ತಪ್ಪು. ಹೇಳದೆ ಹಲಗೆ ಮುಟ್ಟಿದನೋ, ಅದೂ ತಪ್ಪು.

ಕಂಡಕ್ಟ್ರಮ್ಮ ಅಂದರೆ ಅವನ ಹೆಂಡತಿ. ಅವಳಿಗೆ ಒಂದು ಹೆಸರಿತ್ತು, ಆದರೆ ಡಿಪೋದಲ್ಲಿ ಯಾರ ಬಾಯಲ್ಲೂ ಅದು ಇರಲಿಲ್ಲ. ಆ ಕೆಲಸದಲ್ಲಿ ಇನ್ನೂ ಏಳೆಂಟು ಜನ ಹೆಂಗಸರಿದ್ದರೂ ಕಂಡಕ್ಟ್ರಮ್ಮ ಅಂದರೆ ಇವಳೇ. ಇವಳಿಗೆ ಕೊಟ್ಟ ಸೀಟಿಯನ್ನು ಇವಳು ಒಂದು ದಿನವೂ ಊದಲಿಲ್ಲ. ದೇವರು ಗಂಟಲು ಕೊಟ್ಟಿರುವಾಗ ಪ್ಲಾಸ್ಟಿಕ್ ಯಾಕೆ ಎಂಜಲು ಮಾಡಬೇಕು ಎನ್ನುತ್ತಿದ್ದಳು. ಹಿಂದಿನ ಬಾಗಿಲಲ್ಲಿ ನಿಂತು ಅವಳು "ರೈಟ್" ಅಂದರೆ ಮುಂದಿನ ಸೀಟಿನಲ್ಲಿ ತೂಕಡಿಸುವವರು ಬೆಚ್ಚಿ ಏಳುತ್ತಿದ್ದರು. ರೈಟ್ ಅಂದರೆ ಹೊರಡು, ಹೋಲ್ಡಾನ್ ಅಂದರೆ ನಿಲ್ಲಿಸು. ಆ ಎರಡು ಮಾತಿನ ಮೇಲೆ ಡ್ರೈವರ್ ಆರು ವರ್ಷ ಬಸ್ಸು ಓಡಿಸಿದ. ತುಂಬಿದ ಬಸ್ಸಿನ ಕನ್ನಡಿಯಲ್ಲಿ ಜನರ ಬೆನ್ನು ಬಿಟ್ಟರೆ ಇನ್ನೇನು ಕಾಣುತ್ತದೆ? ಕಿವಿಯೇ ಕಣ್ಣು.

ಮೂರನೇ ವರ್ಷ ಅವನು ಧೈರ್ಯ ಮಾಡಿ, ಮದುವೆಯಾಗ್ತೀರಾ ಅಂತ ಕೇಳಿದ್ದ. ಅವಳು ಮೂರು ಸ್ಟಾಪ್ ದಾಟುವ ತನಕ ತುಟಿ ಬಿಚ್ಚದೆ, ಬಾಗಿಲ ತಗಡು ತಟ್ಟಿಯೇ ಬಸ್ಸು ಹೊರಡಿಸಿದಳು. ನಾಲ್ಕನೆಯದರಲ್ಲಿ "ರೈಟ್" ಅಂದಳು. ಅದು ಬಸ್ಸಿಗೆ ಹೇಳಿದ್ದೋ ತನಗೆ ಹೇಳಿದ್ದೋ ತಿಳಿಯದೆ ಬಡಪಾಯಿ ಕೊನೆಯ ಸ್ಟಾಪಿನ ತನಕ ಒದ್ದಾಡಿದ. ಅಲ್ಲಿ ಇಳಿದು ಬಂದು ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ. ಒಂದು ಮಾತನ್ನು ಎರಡು ಸಲ ಕೇಳುವ ಒಳ್ಳೆಯ ಬುದ್ಧಿ ಆಗ ಇತ್ತು ಅವನಿಗೆ. ಅದು ಬೇಕಾದ ದಿನ ಎಲ್ಲಿ ಹೋಗಿತ್ತೋ.

ಎಂಟು ವರ್ಷದ ಹಿಂದಿನ ಮಾತು. ಬೆಳಗಿನ ರಶ್ಶು, ಮಾರ್ಕೆಟ್ ಸ್ಟಾಪು, ಬಸ್ಸು ಹತ್ತು ನಿಮಿಷ ಲೇಟು. ಒಬ್ಬ ಅಜ್ಜಿಯ ಕಾಲು ಮೆಟ್ಟಿಲಿಗೆ ಎಟುಕುತ್ತಿರಲಿಲ್ಲ. ಕಂಡಕ್ಟ್ರಮ್ಮ ಕೆಳಗಿಳಿದು, ಅಜ್ಜಿಯನ್ನು ಸೊಂಟ ಹಿಡಿದು ಹತ್ತಿಸಿ, ತಾನೂ ಹತ್ತಲು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಳು. ಡ್ರೈವರ್‌ಗೆ ರೈಟ್ ಅಂತ ಕೇಳಿಸಿತು. ಕ್ಲಚ್ ಬಿಟ್ಟ. ಬಸ್ಸು ಒಂದು ಮಾರು ಮುಂದೆ ಹೋಗುವಷ್ಟರಲ್ಲಿ ಕಿರುಚಾಟ ಎದ್ದಿತು. ಆ ಕಿರುಚಾಟದಲ್ಲಿ ಅವಳ ಹೋಲ್ಡಾನ್ ಇರಲಿಲ್ಲ. ಅವಳು ಹಿಮ್ಮುಖವಾಗಿ ಬಿದ್ದಿದ್ದಳು, ಕತ್ತು ಫುಟ್‌ಪಾತಿನ ಕಲ್ಲಿನ ಅಂಚಿಗೆ ಬಡಿದಿತ್ತು. ಭುಜದಿಂದ ಕೆಳಗೆ ಒಂದೂ ಅಂಗ ಅವಳ ಮಾತು ಕೇಳುವುದಿಲ್ಲ ಅಂತ ಡಾಕ್ಟರು ಮೂರನೇ ದಿನ ಹೇಳಿದರು.

ಆ ರೈಟ್ ಅಂದವರು ಯಾರು? ಡ್ರೈವರ್‌ನ ಎದೆಯಲ್ಲಿ ಎಂಟು ವರ್ಷ ಮುಳ್ಳಿನ ಹಾಗೆ ನಾಟಿಕೊಂಡಿದ್ದ ಪ್ರಶ್ನೆ ಇದೊಂದೇ. ಅವಳ ದನಿಯೇ ಅಂತ ಒಂದು ಗಳಿಗೆ ಅನಿಸುತ್ತಿತ್ತು. ಮರುಗಳಿಗೆ, ಯಾರೋ ಅವಸರದ ಪ್ಯಾಸೆಂಜರ್ ಅಂದಿರಬೇಕು ಅನಿಸುತ್ತಿತ್ತು. ಇನ್ನೂ ಕೆಟ್ಟ ಯೋಚನೆ ಒಂದಿತ್ತು: ಯಾರೂ ಏನೂ ಅನ್ನಲಿಲ್ಲ, ಲೇಟಾಗಿದೆ ಅಂತ ಒದ್ದಾಡುತ್ತಿದ್ದ ತನ್ನ ಕಿವಿಯೇ ಅದನ್ನು ಹುಟ್ಟಿಸಿಕೊಂಡಿತು ಅಂತ.

ಹನ್ನೆರಡನೇ ದಿನ ವಿಚಾರಣೆಯ ಸಾಹೇಬರು ಫೈಲು ಹಿಡಿದುಕೊಂಡು ವಾರ್ಡಿಗೇ ಬಂದರು. ಸಿಗ್ನಲ್ ಕೊಟ್ಟಿದ್ದಿರಾ ಅಂತ ಕೇಳಿದರು. ಪರದೆಯ ಈಚೆ ನಿಂತಿದ್ದ ಡ್ರೈವರ್‌ಗೆ ಅವಳ ಉತ್ತರ ಕೇಳಿಸಿತು. ಕೊಟ್ಟಿದ್ದೆ, ರೈಟ್ ಅಂದೆ, ಅಂದಾಗ ನಾನೇ ಸರಿಯಾಗಿ ಹತ್ತಿರಲಿಲ್ಲ, ಅವರದೇನೂ ತಪ್ಪಿಲ್ಲ. ಒಳಗೆ ಹೋಗಿ, ಸ್ವಾಮಿ, ನನಗೆ ಅಷ್ಟು ಖಾತ್ರಿಯಿಲ್ಲ ಅಂತ ಹೇಳಬೇಕು ಅಂದುಕೊಂಡ. ಕಾಲು ಏಳಲಿಲ್ಲ, ಬಾಯಿ ಏಳಲಿಲ್ಲ. ಅವಳ ಹೆಬ್ಬೆಟ್ಟನ್ನು ನರ್ಸೇ ಎತ್ತಿ ಕಾಗದಕ್ಕೆ ಒತ್ತಿದಳು. ಅಲ್ಲಿಗೆ ಅವನ ಕೆಲಸ ಉಳಿಯಿತು.

ಅಯ್ಯೋ, ಉಳಿದದ್ದೇನು ಬಂತು. ಇನ್ನೊಬ್ಬ ಕಂಡಕ್ಟರ್ ರೈಟ್ ಅಂದಾಗ ಅವನ ಕಾಲು ಕ್ಲಚ್ ಮೇಲೆ ಕಟ್ಟಿಗೆಯಾಗುತ್ತಿತ್ತು. ನಾಲ್ಕು ತಿಂಗಳಲ್ಲಿ ಅವನೇ ಬರೆದುಕೊಟ್ಟು ಯಾರ್ಡಿಗೆ ಹೋದ. ಖಾಲಿ ಬಸ್ಸುಗಳನ್ನು ತೊಳೆಯುವ ಜಾಗಕ್ಕೆ ಒಯ್ಯುವುದು, ತೊಳೆದ ಮೇಲೆ ಸಾಲಿಗೆ ತಂದು ನಿಲ್ಲಿಸುವುದು. ಅಲ್ಲಿ ರೈಟ್ ಅನ್ನುವವರು ಯಾರೂ ಇಲ್ಲ. ಆದರೂ ಅವನು ಮೂರು ಸಲ ಕನ್ನಡಿ ನೋಡಿ, ಒಮ್ಮೆ ಇಳಿದು ಹಿಂದೆ ಹೋಗಿ ನೋಡಿ ಬಂದ ಮೇಲೆಯೇ ಗಾಡಿ ಅಲ್ಲಾಡಿಸುತ್ತಿದ್ದ. ಯಾರ್ಡಿನವರು ಅವನಿಗೆ ಕನ್ನಡಿ ಡ್ರೈವರ್ ಅಂತ ಹೆಸರಿಟ್ಟರು.

ಮನೆಯಲ್ಲಿ ಇನ್ನೊಂದು ಕಥೆ. ಮಗಳನ್ನು ನೋಡಿಕೊಳ್ಳಲು ಬಂದ ಅತ್ತೆ ವಾಪಸ್ಸು ಹೋಗಲೇ ಇಲ್ಲ. ಆ ಮುದುಕಿಯ ನಾಲಿಗೆಗೆ ಮೂಳೆಯಿಲ್ಲ ಸರಿ, ಬ್ರೇಕೂ ಇರಲಿಲ್ಲ. ಮಗಳ ಬೆನ್ನಿಗೆ ಪೌಡರ್ ಹಾಕುತ್ತಲೇ ಶುರು ಮಾಡುತ್ತಿದ್ದಳು: ನಿನ್ನ ಬಾಯಿಂದಲೇ ನೀನು ಕೆಟ್ಟೆ, ಹತ್ತೋಕೆ ಮುಂಚೆ ಯಾಕೆ ಅನ್ನಬೇಕಿತ್ತು, ಅಳಿಯ ದೇವರಂಥವನು, ಬೇರೆಯವನಾಗಿದ್ದರೆ ಯಾವತ್ತೋ ಬಿಟ್ಟು ಹೋಗಿರುತ್ತಿದ್ದ. ಕಂಡಕ್ಟ್ರಮ್ಮ ಗೋಡೆ ನೋಡಿಕೊಂಡು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ದೇವರಂಥವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಅತ್ತೆಗೆ ನಿಜ ಹೇಳೋಣ ಅಂದರೆ, ನಿಜ ಏನು ಅಂತ ಅವನಿಗೇ ಗೊತ್ತಿಲ್ಲ. ಹೆಂಡತಿಯನ್ನು ಕೇಳೋಣ ಅಂದರೆ, ಅವಳು ನಾನು ಅನ್ನಲಿಲ್ಲ ಅಂದುಬಿಟ್ಟರೆ? ಆಮೇಲೆ ಅವಳ ಮುಖಕ್ಕೆ ನೀರು ಹಚ್ಚುವುದು ಯಾವ ಕೈಯಿಂದ?

ಕೇಳಲಿಲ್ಲ. ಕೇಳದೆ ದುಡಿದ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ಮೂತ್ರದ ಚೀಲ ಬದಲಿಸುವುದು, ಕಾಲು ಸೆಟೆದರೆ ಮಡಚಿ ಬಿಡಿಸುವುದು. ಬಿಸಿಲು ಅವಳ ಕಣ್ಣಿಗೆ ಬೀಳುವ ಮುಂಚೆಯೇ ಪರದೆ ಎಳೆದಿರುತ್ತಿದ್ದ. ಅವಳ ಮೂಗು ತುರಿಸಿದ್ದು ಅವಳಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಅವಳು ಬಾಯಿ ತೆರೆದು ಏನನ್ನೂ ಕೇಳಬೇಕಾಗಿರಲಿಲ್ಲ. ಬಸ್ಸನ್ನೇ ನಡುಗಿಸುತ್ತಿದ್ದ ಗಂಟಲು ಹಾಗೆ ಮೂರು ವರ್ಷ ಮನೆಯೊಳಗೆ ತುಕ್ಕು ಹಿಡಿಯಿತು. ತಾನು ಅವಳ ಬಾಯನ್ನೂ ಕಟ್ಟಿಹಾಕುತ್ತಿದ್ದೇನೆ ಅಂತ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ವ್ಯಾಯಾಮ ಮಾಡಿಸುತ್ತಿದ್ದ ಮೇಡಂ ಒಂದು ದಿನ ಅವಳನ್ನು ಆಸ್ಪತ್ರೆಯ ಹಿಂದಿನ ಹಾಲ್‌ಗೆ ಕರೆದುಕೊಂಡು ಹೋದಳು. ಮುಂದೆ ಆ ಮೇಡಮ್ಮೇ ಕೋಚ್ ಆದಳು. ಜಾರುಹಲಗೆ, ಚೆಂಡು, ತಲೆಗೆ ಕಡ್ಡಿ. ಮೊದಲ ದಿನ ಡ್ರೈವರ್ ಇಪ್ಪತ್ತು ಸಲ ತಪ್ಪು ಮಾಡಿದ. ಹೆಂಡತಿಯ ಕಣ್ಣು ಒಂದು ಕೂದಲೆಳೆ ಸರಿದರೆ ಸಾಕು, ಹಲಗೆಯನ್ನು ಆ ಕಡೆ ತಿರುಗಿಸಿಬಿಡುತ್ತಿದ್ದ. ಮೇಡಂ ಪ್ರತಿ ಸಲ ಸೀಟಿ ಊದಿ, ಅವರು ಹೇಳಲಿಲ್ಲ, ನೀವು ಯಾಕೆ ಮಾಡಿದ್ರಿ ಅಂತ ಗದರುತ್ತಿದ್ದಳು. ಇಷ್ಟು ವರ್ಷ ಯಾವುದನ್ನು ಪ್ರೀತಿ ಅಂದುಕೊಂಡಿದ್ದನೋ ಅದಕ್ಕೆ ಇಲ್ಲಿ ಫೌಲ್ ಅಂತ ಹೆಸರು. ಕಡೆಗೆ ಹೆಂಡತಿಯ ಮುಖ ನೋಡುವುದನ್ನೇ ಬಿಟ್ಟು, ಅವಳ ಮಂಡಿ ನೋಡಿಕೊಂಡು ಕೂರುವುದನ್ನು ಅಭ್ಯಾಸ ಮಾಡಿಕೊಂಡ.

ಕಂಡಕ್ಟ್ರಮ್ಮನಿಗೋ, ಕಳೆದುಹೋದ ಗಂಟಲು ವಾಪಸ್ಸು ಸಿಕ್ಕಿತು. ಮೇಲೆ, ಕೆಳಗೆ, ಇನ್ನೊಂದು ಬೆರಳು, ಅಷ್ಟಲ್ಲ, ಕಿವಿ ಕೇಳಿಸುತ್ತೋ ಇಲ್ಲವೋ! ಹಾಲ್ ತುಂಬ ಅವಳದೇ ದನಿ. ಎಡ ಬಲದ ಮಾತು ಬಂದಾಗ ಮಾತ್ರ ಒಂದು ತೊಡಕಾಯಿತು. ಎದುರುಬದುರು ಕೂತಾಗ ಇವಳ ರೈಟು ಅವನ ಲೆಫ್ಟು. ಡ್ರೈವರ್ ಅದನ್ನೇ ನೆಪ ಮಾಡಿಕೊಂಡು, ಆ ಮಾತೇ ಬೇಡ ಅಂದ. ಅಂಗಳದ ಕಡೆ ಮುಖ ಮಾಡಿ ಬಸ್ಸು ನಿಂತಿದೆ ಅಂದುಕೊಳ್ಳೋಣ, ಎಡಕ್ಕೆ ಬಾಗಿಲ ಕಡೆ, ಬಲಕ್ಕೆ ಸ್ಟೇರಿಂಗ್ ಕಡೆ ಅನ್ನು, ಚೆಂಡಿನಿಂದ ಕೈ ತೆಗೆಯುವುದಕ್ಕೆ ಬಿಡಿ ಅನ್ನು ಅಂದ. ಮೇಡಂ ಒಳ್ಳೆ ಉಪಾಯ ಅಂತ ಮೆಚ್ಚಿಕೊಂಡಳು. ಕಂಡಕ್ಟ್ರಮ್ಮ ಗಂಡನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ಆಯ್ತು ಅಂದಳು. ಆ ಮನೆಯಲ್ಲಿ ರೈಟ್ ಅನ್ನುವ ಮಾತು ಕೇಳಿ ಎಷ್ಟು ವರ್ಷವಾಯಿತು ಅಂತ ಇಬ್ಬರಿಗೂ ಲೆಕ್ಕವಿತ್ತು.

ಐದು ವರ್ಷದಲ್ಲಿ ಅವಳು ಎಲ್ಲಿಂದ ಎಲ್ಲಿಗೋ ಹೋದಳು. ಟಿಕೆಟ್ ಚೀಲ ತೂಗುತ್ತಿದ್ದ ಮೊಳೆಯಲ್ಲಿ ಈಗ ಒಂಬತ್ತು ಪದಕ. ಗುರುವಾರ ಬಂತೆಂದರೆ ಬೆನ್ನುಹುರಿ ವಾರ್ಡಿಗೆ ಹೋಗಿ, ಹೊಸದಾಗಿ ಬಿದ್ದು ಬಂದವರ ಮಂಚದ ಪಕ್ಕ ಗಾಲಿಕುರ್ಚಿ ನಿಲ್ಲಿಸಿಕೊಂಡು ಕೂರುತ್ತಿದ್ದಳು. ಯಾರೂ ಅವಳಿಗೆ ಆ ಕೆಲಸ ಹೇಳಿರಲಿಲ್ಲ. ಸಾಯ್ತೀನಿ ಅನ್ನುವವರಿಗೆ, ಸಾಯೋಕೂ ಕೈಕಾಲು ಬೇಕಲ್ಲ ತಾಯಿ, ಮೊದಲು ಕೂರೋದು ಕಲಿ ಅನ್ನುತ್ತಿದ್ದಳು. ಅಳುತ್ತಿದ್ದವರೂ ನಕ್ಕುಬಿಡುತ್ತಿದ್ದರು. ಮಗ್ಗುಲು ತಿರುಗಿಸುವುದು ಹೇಗೆ, ಹುಣ್ಣಾಗದ ಹಾಗೆ ಬಟ್ಟೆ ಮಡಚುವುದು ಹೇಗೆ ಅಂತ ಮನೆಯವರಿಗೆ ಕೂತಲ್ಲಿಂದಲೇ ಹೇಳಿಕೊಡುತ್ತಿದ್ದಳು; ಮಾಡಿ ತೋರಿಸುವವನು ಡ್ರೈವರ್. ಅವಳು ಬೆಳೆದಷ್ಟೂ ಅವನು ಒಳಗೊಳಗೆ ಕುಗ್ಗುತ್ತಿದ್ದ. ಇಷ್ಟು ಒಳ್ಳೆಯ ಜೀವವನ್ನು ಕುರ್ಚಿಗೆ ಕಟ್ಟಿದವನು ನಾನೋ ಅಲ್ಲವೋ, ಅಷ್ಟು ಹೇಳಿಬಿಡು ತಾಯಿ ಅಂತ ಅವನ ಜೀವ ಕೂಗುತ್ತಿತ್ತು.

ದೊಡ್ಡ ಪಂದ್ಯಾವಳಿಗೆ ಮೂರು ವಾರ ಇರುವಾಗ ವಾರ್ಡಿಗೆ ಒಬ್ಬ ಹುಡುಗಿ ಬಂದಳು. ಅಣ್ಣನ ಸ್ಕೂಟರಿನ ಹಿಂದೆ ಕೂತಿದ್ದಳಂತೆ. ಅಣ್ಣ ಹೊರಗಿನ ಬೆಂಚಿನಲ್ಲಿ ತಲೆ ಬಗ್ಗಿಸಿಕೊಂಡು ಕೂತಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಅಣ್ಣನದೇನೂ ತಪ್ಪಿಲ್ಲ ಅಂತ ಹೇಳಿ ಕಳಿಸಲಾ ಅಕ್ಕ ಅಂತ ಹುಡುಗಿ ಕೇಳಿದಳು. ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದ ಡ್ರೈವರ್‌ನ ಕಿವಿ ನೆಟ್ಟಗಾಯಿತು.

"ಬೇಡ," ಅಂದಳು ಕಂಡಕ್ಟ್ರಮ್ಮ. "ಸುಳ್ಳು ಹೇಳಿ ಸಮಾಧಾನ ಮಾಡಬೇಡ. ಅವನಾಗೇ ಕೇಳೋ ತನಕ ಕಾಯಿ. ಕೇಳಿದ ದಿನ ನಿಜ ಹೇಳು."

ಡ್ರೈವರ್‌ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಇದು ಆ ಹುಡುಗಿಗೆ ಹೇಳಿದ ಮಾತೋ ತನಗೋ ಅಂತ ಮತ್ತೆ ಅದೇ ಹಳೆಯ ಒದ್ದಾಟ. ಅವತ್ತೇ ಕೇಳಬೇಕು ಅಂದುಕೊಂಡ. ಊಟವಾಗಲಿ ಅಂತ ತಳ್ಳಿದ, ಅತ್ತೆ ಮಲಗಲಿ ಅಂತ ತಳ್ಳಿದ, ಕಡೆಗೆ ಪಂದ್ಯಾವಳಿ ಮುಗಿಯಲಿ ಅಂತ ತಳ್ಳಿದ.

ಸೆಮಿಫೈನಲ್ ದಿನ ಎದುರಾಳಿ ಒಬ್ಬ ನಿವೃತ್ತ ಗುಮಾಸ್ತ, ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಆಡುತ್ತಿದ್ದ. ನಾಲ್ಕನೇ ಸುತ್ತಿನ ಕೊನೆಗೆ ಅಂಕ ಸಮ. ಗುಮಾಸ್ತನ ಚೆಂಡು ಮುಗಿದಿತ್ತು, ಕಂಡಕ್ಟ್ರಮ್ಮನ ಪಾಲಿಗೆ ಒಂದೇ ಒಂದು ಕೆಂಪು ಚೆಂಡು ಉಳಿದಿತ್ತು. ಅದು ಬಿಳಿಗೆ ತಾಗಿದರೆ ಫೈನಲ್. ಡ್ರೈವರ್‌ಗೆ ಇದೇನೂ ಕಾಣುತ್ತಿಲ್ಲ, ಕಾಣುತ್ತಿರುವುದು ಅವಳ ಮಂಡಿ, ಮಂಡಿಗೆ ಬಿಗಿದ ಪಟ್ಟಿ. ಸ್ಟೇರಿಂಗ್ ಕಡೆ ಒಂದು ಬೆರಳು ಅಂದಳು. ಸರಿಸಿದ. ಸಾಕು, ಚೆಂಡು ಮೇಲಿಡಿ ಅಂದಳು. ಇಟ್ಟು ಹಿಡಿದುಕೊಂಡ. ಕಡ್ಡಿಯ ತುದಿ ಚೆಂಡಿಗೆ ತಾಗಿತು.

"ರೈಟ್," ಅಂದಳು.

ಎಂಟು ವರ್ಷದ ಮೇಲೆ ಅದೇ ದನಿ, ಅದೇ ಮಾತು. ಡ್ರೈವರ್ ಚೆಂಡು ಹಿಡಿದ ಕೈ ಹಿಡಿದಲ್ಲೇ ಇತ್ತು, ಕತ್ತು ಮಾತ್ರ ಗಿರಕ್ಕನೆ ಹಿಂದೆ ತಿರುಗಿತು. ಹೆಂಡತಿ ಮೂರು ಗೇಣು ದೂರದಲ್ಲಿ ಎದುರಿಗೇ ಕೂತಿದ್ದಾಳೆ. ಈ ಮನುಷ್ಯ ಅವಳನ್ನು ಬಿಟ್ಟು ಹಿಂದೆ ಬಾಗಿಲು ಹುಡುಕಿದ, ಮೆಟ್ಟಿಲು ಹುಡುಕಿದ, ಮೆಟ್ಟಿಲ ಮೇಲೆ ಅವಳ ಎರಡೂ ಕಾಲು ಇದೆಯೋ ಇಲ್ಲವೋ ಅಂತ ಹುಡುಕಿದ. ಕಂಡದ್ದು ಖಾಲಿ ಅಂಗಳ, ದೂರದಲ್ಲಿ ಕೆಂಪು ನೀಲಿ ಚೆಂಡುಗಳು, ಕೈ ಎತ್ತಿದ ರೆಫರಿ. ಆ ತಪ್ಪಿಗೆ ಗುಮಾಸ್ತನಿಗೆ ಒಂದು ಹೆಚ್ಚಿನ ಚೆಂಡು ಸಿಕ್ಕಿತು. ಒಂದು ಅಂಕದಿಂದ ಪಂದ್ಯ ಹೋಯಿತು.

ಕೋಚ್ ಮೇಡಂ ಬಾಯಿಗೆ ಬಂದ ಹಾಗೆ ಬೈದಳು, ಬೈಯಬೇಕಾದದ್ದೇ. ಡ್ರೈವರ್ ಹೆಂಡತಿಯ ಕುರ್ಚಿ ತಳ್ಳಿಕೊಂಡು ಬಚ್ಚಲಿಗೆ ಹೋದ. ಬಾಗಿಲು ಹಾಕಿ, ಅವಳ ಕಾಲ ಬಳಿ ಕೂತು ಮೂತ್ರದ ಚೀಲ ಬಿಚ್ಚಿ ಬರಿದು ಮಾಡಿದ, ತೊಳೆದ, ಮತ್ತೆ ಕಟ್ಟಿದ. ಅವಳು ಏನಾದರೂ ಅಂದಿದ್ದರೆ ಒಳ್ಳೆಯದಿತ್ತು. ಕಟ್ಟಿದ ಪಟ್ಟಿಯನ್ನೇ ಮತ್ತೆ ಬಿಚ್ಚಿ ಮತ್ತೆ ಕಟ್ಟುತ್ತ, ನೆಲ ನೋಡಿಕೊಂಡು, ಕಡೆಗೂ ಕೇಳಿದ.

"ಅವತ್ತು ರೈಟ್ ಅಂದವರು ಯಾರು?"

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾರು ಅಂತ ನಂಗೊತ್ತಿಲ್ಲ," ಅಂದಳು. "ನಾನಲ್ಲ."

ಅವನು ತಲೆ ಎತ್ತಲಿಲ್ಲ. ಕಾಗದದಲ್ಲಿ ಹಾಗೆ ಯಾಕೆ ಬರೆಸಿದೆ ಅಂತ ಕೇಳಿದ, ದನಿ ಹೊರಗೆ ಬಂತೋ ಇಲ್ಲವೋ.

"ಇಬ್ಬರಲ್ಲಿ ಒಬ್ಬರಾದ್ರೂ ಓಡಾಡ್ಕೊಂಡಿರಲಿ ಅಂತ. ನೀವು ಅದನ್ನೂ ಮಾಡ್ಲಿಲ್ಲ, ನನ್ನ ಪಕ್ಕದಲ್ಲೇ ಕೂತ್ಬಿಟ್ರಿ."

ಆಮೇಲೆ ಅವಳೇ ಉಳಿದದ್ದನ್ನೂ ಹೇಳಿದಳು. ಸಿಟ್ಟಿತ್ತು, ಈಗಲೂ ಒಂದೊಂದು ದಿನ ಬರುತ್ತದೆ, ಅಮ್ಮ ನಿಮ್ಮನ್ನು ದೇವರು ಅಂದಾಗ ಜಾಸ್ತಿ ಬರುತ್ತದೆ. ಕೇಳುತ್ತೀರಿ ಕೇಳುತ್ತೀರಿ ಅಂತ ಕಾದೆ. ಇವತ್ತು ಬೇಕಂತ ಅನ್ನಲಿಲ್ಲ, ಗೆಲ್ಲುವ ಖುಷಿಯಲ್ಲಿ ಬಾಯಿಗೆ ಬಂದುಬಿಟ್ಟಿತು. ಡ್ರೈವರ್ ಅವಳ ಮರಗಟ್ಟಿದ ಮಂಡಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ಆ ಕಣ್ಣೀರಿನ ಬಿಸಿ ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ. ಅವನ ತಲೆ ಸವರಲು ಅವಳ ಕೈ ಏಳುವ ಹಾಗಿರಲಿಲ್ಲ. ಅವಳು ಕತ್ತು ಬಗ್ಗಿಸಿದಳು. ಹಣೆಯಲ್ಲೇ ಉಳಿದಿದ್ದ ಕಡ್ಡಿ ಅವನ ಭುಜಕ್ಕೆ ತಾಗಿತು.

"ಅವತ್ತು ನಾನು ಅನ್ನಲಿಲ್ಲ, ನೀವು ಹೊರಟ್ರಿ. ಇವತ್ತು ಅಂದೆ, ನೀವು ಹೊರಡ್ಲಿಲ್ಲ. ಇಂಥ ಡ್ರೈವರ್‌ನ ಕಟ್ಕೊಂಡು ನಾನೇನು ಮಾಡ್ಲಿ?"

ಅವನಿಗೆ ನಗು ಬರಲಿಲ್ಲ. ಅವಳೂ ನಗಲಿಲ್ಲ. ಹೊರಗೆ ಮೂರನೇ ಸ್ಥಾನದ ಪಂದ್ಯಕ್ಕೆ ಕರೆಯುತ್ತಿದ್ದರು. ಇನ್ನು ಮೇಲೆ ರೈಟ್ ಅಂತಲೇ ಅನ್ನುತ್ತೇನೆ, ಬಿಡಿ ಅನ್ನೋಕೆ ನನ್ನ ಬಾಯಿ ತಿರುಗಲ್ಲ ಅಂದಳು. ಅವನು ಮುಖ ತೊಳೆದುಕೊಂಡ, ಅವಳ ಮುಖವನ್ನೂ ಒರೆಸಿದ. ಬೇರೆ ಕೈ ಇರಲಿಲ್ಲ, ಅದೇ ಕೈಯಿಂದ ಒರೆಸಿದ.

ಅಂಗಳಕ್ಕೆ ಬೆನ್ನು ಹಾಕಿ ಕೂತ. ಬಾಗಿಲ ಕಡೆ ಸ್ವಲ್ಪ ಅಂದಳು, ಸರಿಸಿದ. ಸಾಕು ಅಂದಳು. ಚೆಂಡು ಮೇಲಿಟ್ಟು ಹಿಡಿದುಕೊಂಡ. ಈ ಸಲ ಅವಳ ಮಂಡಿ ನೋಡಲಿಲ್ಲ, ಮುಖ ನೋಡಿದ.

"ರೈಟ್," ಅಂದಳು.

ಕೈ ತೆಗೆದ. ಕಡ್ಡಿ ತಳ್ಳಿತು, ಚೆಂಡು ಜಾರಿ ಅವನ ಬೆನ್ನ ಹಿಂದಕ್ಕೆ ಉರುಳಿಹೋಯಿತು. ಅಲ್ಲಿ ಏನಾಯಿತು ಅಂತ ಅವನಿಗೆ ಕಾಣಲಿಲ್ಲ, ಅವಳ ಮುಖದಿಂದಲೂ ತಿಳಿಯಲಿಲ್ಲ. ಅವಳು ಇನ್ನೊಂದು ಚೆಂಡು ಇಡಲು ಹೇಳಿದಳು.